ಗುರುವಾರದ ಕಲ್ಲು

ನನ್ನ ಕೈ ಸುಳ್ಳು ಹೇಳುವುದಿಲ್ಲ ಎಂದು ಇಪ್ಪತ್ತಾರು ವರ್ಷ ಊರ ತುಂಬ ಹೇಳಿಕೊಂಡು ತಿರುಗಿದವಳು ನಾನು. ನಡುವಿನ ಓಣಿಯ ಮೂರನೆಯ ಮನೆ ನನ್ನದು, ಹೆಸರು ನಿಂಬೆವ್ವ. ಕೈಯ ನಿಯತ್ತಿನ ವಿಷಯದಲ್ಲಿ ನನಗೆ ಸರಿಸಾಟಿ ಯಾರೂ ಇಲ್ಲವೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಆ ಜಂಬ ಹೇಗೆ ಇಳಿಯಿತು ಎಂಬುದನ್ನು ಬೇರೆಯವರ ಬಾಯಿಂದ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ನಮ್ಮೂರಿನವರು ಹೇಳಿದರೆ ಉಪ್ಪುಖಾರ ಹೆಚ್ಚು ಹಚ್ಚುತ್ತಾರೆ.

ನಮ್ಮೂರು ಇಳಿಜಾರಿನ ಮೇಲಿದೆ. ತೀರ ಕೆಳಗೆ ಬಿಸಿನೀರಿನ ಹೊಂಡ. ಅದರ ದಂಡೆಯಲ್ಲಿ ತಿಂಗಳಿಗೆ ಎರಡು ಹರಳುಗಲ್ಲು ಬೆಳೆಯುತ್ತವೆ, ಅಮಾವಾಸ್ಯೆ ಕಳೆದ ಸೋಮವಾರ ಒಂದು, ಹುಣ್ಣಿಮೆ ಕಳೆದ ಗುರುವಾರ ಇನ್ನೊಂದು. ಊಟದ ತಟ್ಟೆಯಷ್ಟು ಅಗಲ, ಎರಡು ಬೆರಳು ದಪ್ಪ. ಒಂದರಂತೆ ಇನ್ನೊಂದು ಇರುವುದಿಲ್ಲ. ನಮ್ಮೂರಿನ ಬೆಂಕಿಗೆ ಕಬ್ಬಿಣದ ಹಂಚಾಗಲಿ ಮಣ್ಣಿನ ಹಂಚಾಗಲಿ ಒಗ್ಗುವುದಿಲ್ಲ. ಒಲೆಯ ಮೇಲೆ ಈ ಕಲ್ಲೇ ಆಗಬೇಕು. ಅದಕ್ಕೇ ಊರಿನಲ್ಲಿ ಒಂದು ಪಾಳಿಯ ಪಟ್ಟಿ ಇದೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಪಾಳಿ, ಒಂದೇ ಕಲ್ಲು. ಅದು ಬೆಂಕಿ ತಾಳಿದರೆ ನಿಮಗೊಂದು ಸ್ವಂತ ಒಲೆ. ತಾಳದಿದ್ದರೆ ಇನ್ನೊಬ್ಬರ ಒಲೆಯ ಮುಂದೆ ಕೂರಬೇಕು.

ಕಲ್ಲು ಎಷ್ಟು ಬೆಂಕಿ ತಾಳುತ್ತದೆ ಎಂದು ಖಾತ್ರಿಯಾಗಿ ತಿಳಿಯಲು ಸುಟ್ಟು ನೋಡುವುದೊಂದೇ ದಾರಿ, ತಿಳಿಯುವ ಹೊತ್ತಿಗೆ ಕಲ್ಲೇ ಇರುವುದಿಲ್ಲ. ಕಲ್ಲು ಒಡೆಯುವುದೆಂದರೆ ಸುಮ್ಮನೆ ಬಿರುಕು ಬಿಡುವುದಲ್ಲ, ಸಿಡಿಯುವುದು. ಕೆಳಗಿನ ಓಣಿಯ ಇರಪಣ್ಣ ಮಾಸ್ತರರ ಎಡಗಣ್ಣಿನ ಹುಬ್ಬು ಮೂವತ್ತು ವರ್ಷವಾದರೂ ಮತ್ತೆ ಹುಟ್ಟಿಲ್ಲ. ಈ ಸಿಡಿತಕ್ಕೆ ಹೆದರಿಯೇ ನಮ್ಮ ಹಿರಿಯರು ಹಿಂದೆಯೇ ಹಗ್ಗ ಕಟ್ಟಿದ್ದರು. ಕೆಳಗಿನ ಓಣಿಯಲ್ಲಿ ಹನ್ನೆರಡು ಮನೆ, ಪ್ರತಿ ಮನೆಗೂ ಒಂದು ಭೂತಗನ್ನಡಿ. ಕಲ್ಲು ಕಿಟಕಿಗೆ ಬಂದಾಗ ಪ್ರತಿ ಮನೆಯವರೂ ತಮ್ಮ ಪಾಲಿನ ಒಂದೇ ಒಂದು ವಿಷಯ ನೋಡಬೇಕು. ಕಲ್ಲಿನೊಳಗೆ ಸಾಸಿವೆಗಿಂತ ಸಣ್ಣ ಕಣಗಳು ಸಾಲುಸಾಲಾಗಿ ಕೂತಿರುತ್ತವಲ್ಲ, ಒಂದು ಕಣಕ್ಕೆ ಎಷ್ಟು ನೆರೆಹೊರೆ ಎಂದು ಎಣಿಸುವುದು ಮಾಸ್ತರರ ಪಾಲು. ಕಣಕ್ಕೂ ಕಣಕ್ಕೂ ಎಷ್ಟು ದೂರ ಎಂದು ನೋಡುವವರು ಪಕ್ಕದವರು. ಸಾಲು ಎಷ್ಟು ವಾಲಿದೆ ಎಂದು ನೋಡುವವರು ಅವರಾಚೆ. ಕಂಡಷ್ಟಕ್ಕೆ ತಕ್ಕಂತೆ ಅವರು ಹಗ್ಗ ಎಳೆಯುತ್ತಾರೆ. ಆ ಹನ್ನೆರಡು ಮನೆಯ ಹಗ್ಗಗಳು ನಡುವಿನ ಓಣಿಯ ಏಳೂ ಮನೆಗೆ ಬರುತ್ತವೆ, ನಮ್ಮ ಏಳು ಮನೆಯವು ಮೇಲಿನ ಓಣಿಯ ನಾಲ್ಕೂ ಮನೆಗೆ ಹೋಗುತ್ತವೆ, ಅವರವು ನಾಲ್ಕೂ ಗುಡ್ಡದ ತುದಿಯ ಗಂಟೆಮನೆಗೆ. ಹಗ್ಗಕ್ಕೆ ನಮ್ಮಲ್ಲಿ ನರ ಎಂದು ಹೆಸರು, ಎಲ್ಲ ಸೇರಿ ನರಜಾಲ. ಅದರ ಮೇಲೆ ಯಾರೂ ಬಟ್ಟೆ ಒಣಹಾಕುವಂತಿಲ್ಲ. ಒಮ್ಮೆ ಯಾರದೋ ಒದ್ದೆ ಇಲಕಲ್ಲು ಸೀರೆಯ ಭಾರಕ್ಕೆ ಕಲ್ಲೇ ಇಲ್ಲದೆ ಗಂಟೆ ಒಂಬತ್ತು ಸಲ ಬಾರಿಸಿತ್ತು.

ನನ್ನ ಮನೆಯ ಗೋಡೆಗೆ ಒಂದು ಹಲಗೆ, ಹಲಗೆಯ ತುಂಬ ಗೂಟ. ಯಾರ ಮಾತನ್ನು ಹೆಚ್ಚು ನಂಬಬೇಕೋ ಅವರ ಹಗ್ಗ ಮುಂದಿನ ಗೂಟಕ್ಕೆ, ಕಡಿಮೆ ನಂಬಬೇಕಾದವರದು ಹಿಂದಿನ ಗೂಟಕ್ಕೆ. ಹನ್ನೆರಡೂ ಜಗ್ಗಿದಾಗ ಆ ಜಗ್ಗನ್ನು ಅಂಗೈಯಲ್ಲಿ ತೂಗಿ ನಾನು ನನ್ನ ಹಗ್ಗ ಎಳೆಯಬೇಕು. ಕೊನೆಗೆ ಗಂಟೆ ಎಷ್ಟು ಬಾರಿಸುತ್ತದೋ ಅಷ್ಟು ಬೆಂಕಿ ಆ ಕಲ್ಲು ತಾಳುತ್ತದೆ ಎಂದು ಲೆಕ್ಕ. ಐದಕ್ಕಿಂತ ಕಡಿಮೆ ಬಂದರೆ ಒಂಬತ್ತನೆಯ ದಿನ ಕಲ್ಲನ್ನು ಗಂಟೆಮನೆಯ ಹಿಂದಿನ ಗುಂಡಿಯಲ್ಲಿಟ್ಟು ಸಿಡಿಯುವ ತನಕ ಕಾಯಿಸುತ್ತಾರೆ. ನಾವು ಹೇಳಿದ್ದು ಎರಡು, ಸಿಡಿದದ್ದು ಮೂರಕ್ಕೆ ಎಂದಾದರೆ ಆ ಒಂದರ ತಪ್ಪು ಗುಡ್ಡದಿಂದ ಕೆಳಗಿಳಿಯುತ್ತದೆ. ಮೇಲಿನ ಓಣಿಯವರು ನಮ್ಮ ಹಗ್ಗಗಳನ್ನು ಗೂಟ ಬದಲಿಸಿ ಕಟ್ಟುತ್ತಾರೆ, ನಾವು ಕೆಳಗಿನವರದನ್ನು. ಮಾತು ಕೆಳಗಿನಿಂದ ಮೇಲೆ ಹೋಗುತ್ತದೆ, ತಪ್ಪು ಮೇಲಿನಿಂದ ಕೆಳಗೆ ಬರುತ್ತದೆ. ನನ್ನ ಹಗ್ಗ ಯಾಕೆ ಹಿಂದಕ್ಕೆ ಹಾಕಿದಿರಿ ಎಂದು ಜಗಳ ಆಗದ ತಿಂಗಳೇ ಇಲ್ಲ.

ಇನ್ನು ನನ್ನ ತಂಗಿ ಕಾಶವ್ವನ ಮಾತು. ಅವಳು ಗಂಡ ತೀರಿದ ಮೇಲೆ ಈ ಊರಿಗೆ ಮರಳಿ ಬಂದು ಹನ್ನೊಂದು ವರ್ಷ. ಬಂದ ದಿನವೇ ಪಟ್ಟಿಯ ಕೊನೆಯಲ್ಲಿ ಹೆಸರು ಬರೆಸಿದಳು. ಅಂದಿನಿಂದ ನನ್ನ ಅಡಿಗೆಮನೆಯಲ್ಲಿ, ನನ್ನ ಕಲ್ಲಿನ ಮೇಲೆ, ನನ್ನ ಗೊಣಗಾಟ ಕೇಳುತ್ತ ಅಡಿಗೆ ಮಾಡುತ್ತಿದ್ದಳು. ಅವಳ ಕೈಯ ರೊಟ್ಟಿ ಹೇಗೆಂದರೆ, ಓಣಿಯ ಜನ ಏನಾದರೂ ನೆವ ಹುಡುಕಿಕೊಂಡು ಊಟದ ಹೊತ್ತಿಗೇ ನಮ್ಮ ಮನೆಗೆ ಬರುತ್ತಿದ್ದರು. ಅವಳಿಗಿದ್ದ ಆಸೆ ಒಂದೇ. ಸ್ವಂತ ಕಲ್ಲು ಬಂದರೆ ಖಾನಾವಳಿ ಇಡಬೇಕು. ಬೋರ್ಡಿಗೆ ಯಾವ ಬಣ್ಣ ಎಂಬುದನ್ನೂ ಆರಿಸಿಟ್ಟಿದ್ದಳು, ಅರಿಶಿಣ ಬಣ್ಣದ ಮೇಲೆ ಕೆಂಪು ಅಕ್ಷರ. ನಾನು ಅದಕ್ಕೆ ನಗುತ್ತಿದ್ದೆ. ನಗುತ್ತಲೇ, ಇವಳು ಹೋದರೆ ನನಗೆ ಯಾರು ಬೇಯಿಸಿ ಹಾಕುತ್ತಾರೆ ಎಂದೂ ಯೋಚಿಸುತ್ತಿದ್ದೆ. ಈಗ ಹೇಳಲು ನಾಚಿಕೆಯಾಗುತ್ತದೆ, ಆದರೆ ಯೋಚಿಸುತ್ತಿದ್ದೆ.

ಅವಳ ಪಾಳಿ ಗುರುವಾರ ಬಂತು. ಗುರುವಾರ ಎಂದ ಕೂಡಲೇ ಊರಿನವರು ಚ್ಚ್ ಚ್ಚ್ ಎಂದರು. ಮೂರು ವರ್ಷದಿಂದ ಗುರುವಾರದ ಕಲ್ಲುಗಳು ಮೆತ್ತಗೆ ಬರುತ್ತಿದ್ದವು. ಮೂವತ್ತಾರರಲ್ಲಿ ಇಪ್ಪತ್ತೊಂಬತ್ತು ಸಿಡಿದಿದ್ದವು. ಹೊಂಡಕ್ಕೆ ವಯಸ್ಸಾಯಿತು ಎಂದು ಕೆಲವರು, ಗುರುವಾರದ ನೀರೇ ಸರಿಯಿಲ್ಲ ಎಂದು ಕೆಲವರು. ಕಾಶವ್ವ ಮಾತ್ರ, "ಏಳು ಉಳದಾವಲ್ಲ, ಎಂಟನೇದು ನಂದು" ಎಂದು ಹೊಸ ಸೀರೆ ಉಟ್ಟು ಗಂಟೆಮನೆಯ ಅಂಗಳಕ್ಕೆ ಹೋಗಿ ನಿಂತಳು.

ಗುರುವಾರದ ಕಲ್ಲು ಹೊತ್ತು ತರುವವನು ತಿರಕಪ್ಪ ಮಾಮಾ. ಅವನ ಅಣ್ಣ ಹೋದ ಮೇಲೆ ಆ ಕೆಲಸ ಅವನಿಗೆ ಬಂದಿತ್ತು. ಅರವತ್ತೈದರ ಆಳು, ಹಲ್ಲಿನ ಸಂದಿಯಲ್ಲಿ ಏನೋ ಒಂದು ರಾಗ ಎಳೆಯುತ್ತ ಬುಟ್ಟಿ ಹೊತ್ತು ಮನೆಮನೆಯ ಕಿಟಕಿಗೆ ಕಲ್ಲು ತೋರಿಸುತ್ತ ಬರುತ್ತಾನೆ. ಅವತ್ತೂ ಬಂದ. ನಾನು ಹಗ್ಗ ಹಿಡಿದು ಕಣ್ಣು ಮುಚ್ಚಿ ಕೂತೆ. ತಂಗಿಯ ಕಲ್ಲೆಂದು ಒಂದು ಎಳೆಯಷ್ಟೂ ಹೆಚ್ಚು ಎಳೆಯಬಾರದು ಎಂದು ಆಣೆ ಮಾಡಿಕೊಂಡಿದ್ದೆ. ಹನ್ನೆರಡು ಹಗ್ಗ ಜಗ್ಗಿದವು, ನಾನು ತೂಗಿದೆ, ಎಳೆದೆ. ಗಂಟೆ ಎರಡು ಬಾರಿಸಿ ಸುಮ್ಮನಾಯಿತು.

ಕಾಶವ್ವ ಮನೆಗೆ ಬಂದು ಸೀರೆ ಬದಲಿಸಿ ಹಿಟ್ಟು ನಾದಲು ಕೂತಳು. ಮರುದಿನ ಬೆಳಿಗ್ಗೆ ರೊಟ್ಟಿ ಬಡಿಯುತ್ತ, ಹಿಟ್ಟಿನ ಕಡೆಗೇ ನೋಡುತ್ತ ಕೇಳಿದಳು.

"ಅಕ್ಕಾ, ನೀ ಸಡ್ಲ ಬಿಟ್ಟಿ, ಹೌದಿಲ್ಲೋ?"

"ಏನಂದಿ?"

"ನಾ ಇಲ್ಲಿಂದ ಹೋಗಬಾರದು ಅಂತ ನಿನ್ನ ಮನಸ್ಸಿನ್ಯಾಗ ಐತಿ. ನಿನಗ ಗೊತ್ತಿಲ್ಲದ ನಿನ್ನ ಕೈ ಸಡ್ಲ ಆತು. ಬೈಯಾಕತ್ತಿಲ್ಲ ನಾನು. ಖರೇ ಹೇಳಿಬಿಡು, ಅಷ್ಟ."

ನನಗೆ ಎಷ್ಟು ಸಿಟ್ಟು ಬಂತೆಂದರೆ ತಟ್ಟೆ ನೂಕಿ ಎದ್ದೆ. ಇಪ್ಪತ್ತಾರು ವರ್ಷದ ಕೈ ಎಂದು ಕೂಗಾಡಿದೆ. ಕೂಗಾಡಿದ್ದು ಅಂಗಳಕ್ಕೆ ಕೇಳುವಷ್ಟಾಗಿತ್ತು. ಆದರೆ ಹಿತ್ತಿಲಿಗೆ ಹೋಗಿ ಒಬ್ಬಳೇ ಕೂತು ಅಂಗೈ ಬಿಡಿಸಿ ನೋಡಿಕೊಂಡೆ. ಗಂಟೆ ಎರಡಕ್ಕೇ ನಿಂತಾಗ ನನ್ನೊಳಗೆ ಒಂದು ಚೂರು ಸಮಾಧಾನ ಆಗಿತ್ತು. ಅದು ನಿಜ. ಹಾಗಾದರೆ ಕೈಯೂ ಆ ಚೂರಿನ ಮಾತು ಕೇಳಿತೇ? ನನಗೇ ಗೊತ್ತಿರಲಿಲ್ಲ. ನನ್ನ ಕೈ ನನಗೇ ಅಪರಿಚಿತವಾಗಿ ಕಂಡದ್ದು ಆವತ್ತು ಮೊದಲ ಸಲ.

ಶನಿವಾರ ಮಜ್ಜಿಗೆ ಕಡೆಯುತ್ತಿದ್ದೆ. ಕಡೆಗೋಲಿನ ಹಗ್ಗ ಎರಡೂ ಕೈಯಲ್ಲಿ, ಸರ್ ಬುರ್ ಎಂದು ಚೆನ್ನಾಗಿ ನಡೆದಿತ್ತು. ಕಾಶವ್ವ ಎದುರಿಗೆ ಮುಖ ತಿರುಗಿಸಿಕೊಂಡು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಬೀದಿಯಲ್ಲಿ ತಿರಕಪ್ಪ ಮಾಮಾ ಎಮ್ಮೆಗೆ ಮೇವು ಹೊತ್ತುಕೊಂಡು ಅದೇ ರಾಗ ಎಳೆಯುತ್ತ ಹೋದ. ಕಡೆಗೋಲು ನಿಂತಿತು.

"ಯಾಕ ನಿಲ್ಲಿಸಿದಿ?" ಎಂದಳು ಕಾಶವ್ವ.

"ನಾ ನಿಲ್ಲಿಸಿಲ್ಲ" ಎಂದೆ. ನಿಜವಾಗಿಯೂ ನಾನು ನಿಲ್ಲಿಸಿರಲಿಲ್ಲ. ಕೈ ತಾನಾಗಿ ಸಡಿಲವಾಗಿ ಹಗ್ಗ ಜೋತುಬಿದ್ದಿತ್ತು. ರಾಗ ದೂರ ಹೋದ ಮೇಲೆ ಮತ್ತೆ ಬಿಗಿಯಾಯಿತು.

ಕಾಶವ್ವ ನನ್ನ ಕೈ ನೋಡಿದಳು, ಬೀದಿ ನೋಡಿದಳು, ಬೆಳ್ಳುಳ್ಳಿ ಅಲ್ಲೇ ಚೆಲ್ಲಿ ಹೊರಗೆ ಓಡಿದಳು. "ಮಾಮಾ! ತಿರಕಪ್ಪ ಮಾಮಾ! ಒಂದೀಟು ಹೊಳ್ಳಿ ಬಾ! ಹಾಡಕೋತ ಬಾ!" ಅವನಿಗೆ ಏನೂ ತಿಳಿಯಲಿಲ್ಲ. ಆದರೂ ಹಾಡು ಎಂದರೆ ಬೇಡ ಎನ್ನುವವನಲ್ಲ. ಮೇವಿನ ಹೊರೆ ತಲೆಯ ಮೇಲೆ ಇದ್ದ ಹಾಗೇ ನಮ್ಮ ಮನೆಯ ಮುಂದೆ ನಾಲ್ಕು ಸಲ ಹೋಗಿ ಬಂದ. ನಾಲ್ಕು ಸಲವೂ ನನ್ನ ಕೈ ಸಡಿಲವಾಯಿತು. ನಾಲ್ಕನೆಯ ಸಲ ನಾನು ಹಲ್ಲು ಕಚ್ಚಿ ಹಗ್ಗ ಬಿಗಿ ಹಿಡಿದೆ, ಆದರೂ ಜೋತುಬಿತ್ತು. ಕಾಶವ್ವ ಹೊಸಿಲ ಮೇಲೆ ಕುಸಿದು ಕೂತು ನಗತೊಡಗಿದಳು. ಎರಡು ದಿನದ ಮೇಲೆ ನಕ್ಕಿದ್ದಳು. ನನಗೂ ತಡೆಯಲಾಗಲಿಲ್ಲ.

"ಅಂದ್ರ ನನ್ನ ಮ್ಯಾಲಿನ ಸಿಟ್ಟಿಗಲ್ಲ?" ಎಂದಳು.

"ನಿನ್ನ ಮ್ಯಾಲಿನ ಪ್ರೀತಿಗೂ ಅಲ್ಲ" ಎಂದೆ. "ಇವನ ರಾಗ ಕೇಳಿದ್ರ ನನ್ನ ಕೈಗೆ ಮೆತ್ತನ್ನ ಕಲ್ಲು ಅಂತ ಅನಸ್ತೈತಿ. ಹಗ್ಗ ತೂಗಿ ಎಳದಿಲ್ಲ ನಾನು, ಇವನ್ನ ಕೇಳಿ ಎಳದೇನಿ."

ತಿರಕಪ್ಪ ಮಾಮಾ ಹೊರೆ ಇಳಿಸಿ ಕಟ್ಟೆಯ ಮೇಲೆ ಕೂತ. ಅವನ ಮುಖ ಸಣ್ಣದಾಗಿತ್ತು. "ತಂಗೀ ಕಾಶವ್ವಾ, ತಪ್ಪು ನಂದ ಐತಿ" ಎಂದ. "ಎಲ್ಲಾರ ಕಲ್ಲೂ ಬಾವಿ ನೀರಿಲೆ ತಿಕ್ಕಿ ತೊಳದು ಥಳಥಳ ಅನ್ನೂ ಹಂಗ ತಂದೇನಿ. ನಿನ್ನ ಕಲ್ಲು ಅಷ್ಟ ತೊಳೀಲಾರದ ತಂದೆ. ನನ್ನ ಕೊಡಕ್ಕ ತೂತು ಬಿದ್ದು ಬೆಸುಗೆಗೆ ಕೊಟ್ಟಿದ್ದೆ. ಹೊಲಸು ಕಲ್ಲು ಅಂತನ ಗಂಟಿ ಎರಡ ಬಾರಿಸಿರಬೇಕು."

ಕಾಶವ್ವನ ನಗು ನಿಂತಿತು. "ಹೊಂಡದಿಂದ ತಗದ ಕೂಡಲೇ ತೊಳೀತಿಯೇನು? ಬಿಸಿ ಇರತಲೇ? ಬಾವಿ ತಣ್ಣೀರಿಲೆ?"

"ಹೌದವಾ. ಬುಸ್ ಅಂತೈತಿ, ಎಷ್ಟ ಚಂದ ಅಂತಿ! ನಮ್ಮಣ್ಣ ತೊಳೀಲಾರದ ಹಂಗ ತರತಿದ್ದ, ನಾ ತೊಳದು ತರತೇನಿ."

ಒಲೆಯ ಮುಂದೆ ಒಂದು ದಿನ ಕೂತ ಯಾರಿಗಾದರೂ ಗೊತ್ತು, ಕಾದ ಹಂಚಿಗೆ ತಣ್ಣೀರು ತಾಗಿಸಬಾರದು. ತಿರಕಪ್ಪ ಮಾಮಾ ಅರವತ್ತೈದು ವರ್ಷದಲ್ಲಿ ಒಲೆಯ ಮುಂದೆ ಕೂತವನಲ್ಲ, ತಟ್ಟೆಯ ಮುಂದೆ ಕೂತವನು. ಮೂರು ವರ್ಷ ಅವನು ಪ್ರೀತಿಯಿಂದ ತೊಳೆದ ಕಲ್ಲುಗಳೊಳಗೆ ಕಣ್ಣಿಗೆ ಕಾಣದ ಬಿರುಕು ಬಿದ್ದಿತ್ತು. ಗುಂಡಿಯಲ್ಲಿ ಅವು ಸಿಡಿದವು. ಸಿಡಿದಾಗಲೆಲ್ಲ ತಪ್ಪು ಕೆಳಗಿಳಿದು ಬಂದು ನಮ್ಮ ಗೂಟಗಳನ್ನೂ ಕೈಗಳನ್ನೂ ತಿದ್ದಿತು. ಕಣ ಎಣಿಸಿ ಕಲಿಯಬೇಕಾದ ನಾವು ಅವನ ರಾಗವನ್ನು ಕಲಿತುಬಿಟ್ಟಿದ್ದೆವು. ತೊಳೆಯದ ಕಲ್ಲೆಂದರೆ ಅದು ಕಾಶವ್ವನದೊಂದೇ.

ಮೂವರೂ ಗುಡ್ಡ ಹತ್ತಿ ಗಂಟೆಮನೆಗೆ ಹೋದೆವು. ಗಂಟೆಮನೆ ನೋಡಿಕೊಳ್ಳುವವಳು ಖಾಜಾಬಿ. ಎಪ್ಪತ್ತು ದಾಟಿದವಳು, ಕನ್ನಡಕದ ಮೇಲಿಂದ ನೋಡಿಯೇ ಅರ್ಧ ಊರನ್ನು ಸುಮ್ಮನಿರಿಸುವವಳು. ನಮ್ಮ ಮಾತೆಲ್ಲ ಕೇಳಿ ಅವಳು ಅಡಿಕೆ ಕತ್ತರಿಸುತ್ತಲೇ ಹೇಳಿದಳು, "ಮಜ್ಜಿಗಿ ಕಡಿಯೂ ಹಗ್ಗದ ಸಾಕ್ಷಿ ತಗೊಂಡು ಗುಂಡಿ ನಿಲ್ಲಸಾಕ ಆಗೂದಿಲ್ಲ ನಿಂಬೆವ್ವಾ. ನಿಂದೊಂದು ಕೈ ಕೆಟ್ಟಿರಬಹುದು. ಉಳದ ಇಪ್ಪತ್ತೆರಡು ಮನಿ ಏನು ಕೆಟ್ಟಾವು?"

"ಪರೀಕ್ಷೆ ಮಾಡೂಣ್ರಿ" ಎಂದಳು ಕಾಶವ್ವ. "ಇಪ್ಪತ್ತು ವರ್ಷ ಒಲಿ ಮ್ಯಾಲಿರೂ ಕಲ್ಲು ಒಂದು ಮಾಮಾನ ಬುಟ್ಟಿಯೊಳಗ ಇಟ್ಟು ಕಳಸ್ರಿ. ಯಾರಿಗೂ ಹೇಳಬ್ಯಾಡ್ರಿ."

ಖಾಜಾಬಿ ಅಡಿಕೆ ಕತ್ತರಿಸುವುದನ್ನು ನಿಲ್ಲಿಸಿದಳು. ಆ ಯೋಚನೆ ಅವಳಿಗೆ ಹಿಡಿಸಿತು. ಭಾನುವಾರ ಬೆಳಿಗ್ಗೆ ಇರಪಣ್ಣ ಮಾಸ್ತರರ ಹೆಂಡತಿಯನ್ನು ಕರೆಸಿ, ಗಂಡನಿಗೆ ಗೊತ್ತಾಗದಂತೆ ಅವರ ಒಲೆಯ ಕಲ್ಲನ್ನೇ ಮಸಿ ಒರೆಸಿ ತರಿಸಿದಳು. ಒಮ್ಮೆ ಏಳು ಗಂಟೆ ಬಾರಿಸಿಕೊಂಡು ಬಂದು, ಅಂದಿನಿಂದ ದಿನಕ್ಕೆ ಮೂರು ಹೊತ್ತು ಬೆಂಕಿ ತಿನ್ನುತ್ತ ಕೂತ ಕಲ್ಲು ಅದು. ಪಾಳಿ ತಪ್ಪಿದ ಕಲ್ಲೊಂದು ಹೊಂಡದಲ್ಲಿ ಬೆಳೆದಿದೆ ಎಂದು ಊರಿಗೆ ಸುದ್ದಿ ಬಿಟ್ಟರು. ತಿರಕಪ್ಪ ಮಾಮಾ ರಾಗ ಎಳೆಯುತ್ತ ಓಣಿ ಹತ್ತಿದ. ನನ್ನನ್ನು ಮಾತ್ರ ಹಗ್ಗದಿಂದ ದೂರ ಕೂರಿಸಿದ್ದರು. ನಾನು ಗಂಟೆಮನೆಯ ಜಗಲಿಯಲ್ಲಿ ಕಾಶವ್ವನ ಕೈ ಹಿಡಿದು ಕೂತಿದ್ದೆ.

ಗಂಟೆ ಒಂದು ಬಾರಿಸಿತು. ಎರಡು ಬಾರಿಸಿತು. ನಿಂತುಹೋಯಿತು.

ಖಾಜಾಬಿ ಜಗಲಿಯಿಂದ ಕೆಳಗೆ ನೋಡಿ ದೊಡ್ಡ ದನಿಯಲ್ಲಿ ಕೇಳಿದಳು, "ಮಾಸ್ತರ, ಈ ಕಲ್ಲು ಹೆಂಗೈತಿ?"

ಇರಪಣ್ಣ ಮಾಸ್ತರರು ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಬರೇ ಮೆತ್ತನ್ನ ಕಲ್ಲ್ರಿ. ಇದರ ಮ್ಯಾಲ ಒಂದು ಹಪ್ಪಳನೂ ಸುಡಾಕ ಬರೂದಿಲ್ಲ. ನಲವತ್ತು ವರ್ಷದ ಅನುಭವ ನಂದು."

"ಮುಂಜಾನಿ ಇದರ ಮ್ಯಾಲ ಸುಟ್ಟ ನಾಕು ರೊಟ್ಟಿ ತಿಂದೀರಲ್ರಿ, ಅವು ಹೊಟ್ಟ್ಯಾಗ ಹೆಂಗ ಅದಾವು?" ಎಂದು ಅವರ ಹೆಂಡತಿ ನಡುಬೀದಿಯಲ್ಲಿ ನಿಂತು ಕೇಳಿದಳು.

ಊರು ನಕ್ಕ ನಗುವಿಗೆ ಹಗ್ಗಗಳೆಲ್ಲ ಅಲ್ಲಾಡಿ ಗಂಟೆ ತಾನಾಗಿ ಇನ್ನೂ ಮೂರು ಬಾರಿಸಿತು. ನಗು ಇಳಿದ ಮೇಲೆ ಸಿಡಿದ ಕಲ್ಲುಗಳ ನೆನಪು ಬಂತು. ಮೇಲಿನ ಓಣಿಯ ಒಬ್ಬಳು, "ಹಂಗಾದ್ರ ನನ್ನ ಕಲ್ಲೂ ನೀನ ಕೆಡಿಸಿದಿ ಏನು ಮಾಮಾ?" ಎಂದಳು. ಅವಳ ದನಿಯಲ್ಲಿ ಸಿಟ್ಟಿಗಿಂತ ಅಳುವೇ ಹೆಚ್ಚಿತ್ತು. ತಿರಕಪ್ಪ ಮಾಮಾ ಬುಟ್ಟಿ ಕೆಳಗಿಟ್ಟು ಟವೆಲಿನಲ್ಲಿ ಮುಖ ಮುಚ್ಚಿಕೊಂಡ. ಗುರುವಾರದ ಪಾಳಿಯಲ್ಲಿ ಕಲ್ಲು ಕಳೆದುಕೊಂಡ ಇಪ್ಪತ್ತೊಂಬತ್ತು ಜನರ ಹೆಸರನ್ನೂ ಮತ್ತೆ ಪಟ್ಟಿಗೆ ಬರೆಯುತ್ತೇನೆ ಎಂದಳು ಖಾಜಾಬಿ. ಆಮೇಲೆ ಮಾಮಾನ ಕಡೆ ತಿರುಗಿ, "ನಿನಗ ಶಿಕ್ಷಾ ಐತಿ. ರೊಟ್ಟಿ ಬಡಿಯೂದು ಕಲೀಬೇಕು. ಒಲಿ ಮುಂದ ಕುಂತಾಗ ಕಲ್ಲಂದ್ರ ಏನು ಅಂತ ತಿಳೀತೈತಿ" ಎಂದಳು. ಅವನು ಟವೆಲಿನೊಳಗಿಂದಲೇ ಹೂಂ ಎಂದ.

ಆದರೆ ಕಾಶವ್ವನ ಕಲ್ಲಿನ ಕತೆ ಇನ್ನೂ ಮುಗಿದಿರಲಿಲ್ಲ. ನರಜಾಲ ತಪ್ಪು ಎಂದು ಗೊತ್ತಾಯಿತೇ ಹೊರತು ಕಲ್ಲು ಗಟ್ಟಿ ಎಂದು ಗೊತ್ತಾಗಲಿಲ್ಲ. ತೊಳೆಯದ ಕಲ್ಲೂ ಮೆತ್ತಗೆ ಇರಬಹುದಲ್ಲ? ಹುಟ್ಟಿನಿಂದಲೇ ಮೆತ್ತಗಿರುವ ಕಲ್ಲುಗಳೂ ಬರುತ್ತವೆ. ಶುಕ್ರವಾರಕ್ಕೆ ಒಂಬತ್ತು ದಿನ ತುಂಬುತ್ತದೆ. ಆ ನಿಯಮ ಮಾತ್ರ ನಾನು ಮುರಿಯುವುದಿಲ್ಲ ಎಂದಳು ಖಾಜಾಬಿ. ಅಷ್ಟರೊಳಗೆ ಇಪ್ಪತ್ತಮೂರು ಮನೆಯ ಕೈಗಳಿಗೆ ಮತ್ತೆ ಮೊದಲಿನಿಂದ ಪಾಠ ಆಗಬೇಕು. ಪಾಠಕ್ಕೆ ಗುಣ ಗೊತ್ತಿರುವ ಕಲ್ಲುಗಳು ಬೇಕು. ಸಿಡಿದ ಸೋಮವಾರದ ಕಲ್ಲುಗಳ ಚೂರುಗಳು ಗಂಟೆಮನೆಯ ಗೂಡಿನಲ್ಲಿದ್ದವು, ಚೂರಿನಲ್ಲೂ ಕಣಗಳ ಸಾಲು ಹಾಗೇ ಇರುತ್ತದೆ. ಆದರೆ ಬರೀ ಮೆತ್ತನೆಯವನ್ನು ತೋರಿಸಿ ಗಟ್ಟಿ ಎಂದರೇನು ಎಂದು ಕಲಿಸಲಾಗುವುದಿಲ್ಲ. ಗಟ್ಟಿ ಕಲ್ಲುಗಳು ಇದ್ದದ್ದು ಊರಿನ ಒಲೆಗಳ ಮೇಲೆ.

ಕಲ್ಲು ಕೊಟ್ಟರೆ ಒಲೆ ಹಚ್ಚುವಂತಿಲ್ಲ, ನಾಲ್ಕೈದು ದಿನ ಊರಿಗೆ ಊರೇ ಬಿಸಿ ಅಡಿಗೆ ಬಿಡಬೇಕು. ನಾನು ಎದ್ದು ಮನೆಗೆ ಹೋದೆ. ನನ್ನ ಒಲೆಯ ಕಲ್ಲು ಇನ್ನೂ ಬೆಚ್ಚಗಿತ್ತು. ಗೋಣಿಚೀಲದಲ್ಲಿ ಸುತ್ತಿ ಎದೆಗವಚಿಕೊಂಡು ಗುಡ್ಡ ಹತ್ತಿ ಖಾಜಾಬಿಯ ಮುಂದೆ ಇಟ್ಟೆ. ಕಾಶವ್ವ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅವಳನ್ನು ನೋಡಲಿಲ್ಲ. ನೋಡಿದ್ದರೆ ಅಳು ಬರುತ್ತಿತ್ತು. ನನ್ನ ಹಿಂದೆಯೇ ಮಾಸ್ತರರ ಹೆಂಡತಿ, "ನಮ್ಮದಂತೂ ಮೊದಲ ಇಲ್ಲೇ ಐತಿ, ಇರಲಿ" ಎಂದಳು. ಸಂಜೆಯೊಳಗೆ ನಲವತ್ತೊಂದು ಕಲ್ಲು ಬಂದವು. ಇಪ್ಪತ್ತೊಂಬತ್ತರ ಪೈಕಿಯವರ ಬಳಿ ಕೊಡಲು ಕಲ್ಲಿರಲಿಲ್ಲ. ಅವರು ಮೊಸರಿನ ಗಡಿಗೆ ತಂದರು.

ಆ ನಾಲ್ಕು ದಿನ ನಮ್ಮೂರಿನಲ್ಲಿ ಹೊಗೆಯೇ ಏಳಲಿಲ್ಲ. ಅವಲಕ್ಕಿ ಮೊಸರು, ಶೇಂಗಾ ಬೆಲ್ಲ, ಸವತಿಕಾಯಿ, ಬಾಳೆಹಣ್ಣು. ಒಲೆಯೇ ಇಲ್ಲದ ಮೇಲೆ ಮನೆಯೊಳಗೆ ಕೂತು ತಿನ್ನುವುದು ಯಾಕೆಂದು ಎಲ್ಲರೂ ಬೀದಿಗೆ ಚಾಪೆ ತಂದರು. ಹಗ್ಗಗಳ ನೆರಳಿನಲ್ಲಿ ಮೂರೂ ಓಣಿಯವರು ಒಟ್ಟಿಗೆ ಕೂತು ತಿಂದೆವು. ವರ್ಷಗಟ್ಟಲೆ ಹಗ್ಗದ ಆ ತುದಿಯಲ್ಲಿ ಜಗ್ಗುತ್ತಿದ್ದವರ ಮುಖವನ್ನು ಹತ್ತಿರದಿಂದ ನೋಡಿದ್ದು ನನಗೆ ಆಗಲೇ. ಊಟದ ನಡುವೆ ಪಾಠ, ಪಾಠದ ನಡುವೆ ಊಟ. ಎಲ್ಲರ ಕಿವಿಗೂ ಅರಳೆ, ಕಿಟಕಿಗೆಲ್ಲ ಪರದೆ, ಪರದೆಯ ಸಂದಿಯಿಂದ ಕಲ್ಲು ಮಾತ್ರ ಒಳಗೆ. ಹೊತ್ತವರು ಯಾರೆಂದು ಗೊತ್ತಾಗಬಾರದು, ಪ್ರತಿ ಸಲ ಚೀಟಿ ಎತ್ತಿ ಹೊಸಬರು.

ಮೊದಲ ದಿನವೇ ಒಂದು ಎಡವಟ್ಟಾಯಿತು. ಮಾಸ್ತರರು ಒಂದು ಕಲ್ಲಿಗೆ ಕಣ ಎಣಿಸದೆಯೇ ಹಗ್ಗ ಹರಿಯುವ ಹಾಗೆ ಎಳೆದರು. ಕೇಳಿದರೆ, "ಇದು ನಮ್ಮನಿ ಕಲ್ಲು, ಮೂಲ್ಯಾಗ ತುಪ್ಪದ ಕಲಿ ಐತಿ, ನಿನ್ನೆ ನಗಸಿಕೊಂಡ ಮ್ಯಾಲ ನೋಡಿ ಇಟ್ಟೇನಿ, ಇನ್ನೂ ಗೊತ್ತಾಗೂದಿಲ್ಲೇನು?" ಎಂದರು. ಖಾಜಾಬಿ ತಲೆ ಚಚ್ಚಿಕೊಂಡು ನಲವತ್ತೊಂದು ಕಲ್ಲನ್ನೂ ಬೂದಿ ಹಾಕಿ ತಿಕ್ಕಿಸಿದಳು, ಹೊಂಡದ ಬಿಸಿನೀರಿನಲ್ಲಿ. ತಿಕ್ಕಿದವನು ತಿರಕಪ್ಪ ಮಾಮಾ. ನೀರಿಗೆ ಬೆರಳಿಟ್ಟು ಬಿಸಿ ನೋಡದೆ ಅವನು ಒಂದು ಹನಿಯನ್ನೂ ಹಾಕಲಿಲ್ಲ.

ಸೋಮವಾರ ಗಂಟೆ ಬಾಯಿಗೆ ಬಂದಂತೆ ಬಾರಿಸಿತು. ಏಳರ ಕಲ್ಲಿಗೆ ಮೂರು, ಎರಡರ ಚೂರಿಗೆ ಎಂಟು. ಪ್ರತಿ ತಪ್ಪೂ ಕೆಳಗಿಳಿಯಿತು, ಪ್ರತಿ ಮನೆಯಲ್ಲೂ ಗೂಟ ಬದಲಾಯಿತು. ನಾನು ಮಾಸ್ತರರ ಹಗ್ಗವನ್ನು ಹಿಂದಕ್ಕೆ ಹಾಕಿದೆ, ಮತ್ತೆ ಮುಂದಕ್ಕೆ ತಂದೆ, ಮತ್ತೆ ಒಂದು ಗೂಟ ಹಿಂದಕ್ಕೆ. ಮೇಲಿನವರು ನನ್ನದನ್ನು ನಡುವಿಗೆ ಇಳಿಸಿದರು. ಬೇರೆ ದಿನವಾಗಿದ್ದರೆ ಜಗಳಕ್ಕೆ ಹೋಗುತ್ತಿದ್ದೆ, ಈಗ ಸುಮ್ಮನಿದ್ದೆ. ಬುಧವಾರದ ಹೊತ್ತಿಗೆ ತಪ್ಪು ಒಂದು, ಒಂದೂವರೆಗೆ ಬಂತು. ಗುರುವಾರ ಸಂಜೆ ಸಾಲಾಗಿ ಹತ್ತು ಕಲ್ಲು ಕೊಟ್ಟರು, ಹತ್ತಕ್ಕೂ ಗಂಟೆ ಸರಿಯಾಗಿ ಬಾರಿಸಿತು. ಕೊನೆಯಲ್ಲಿ ಖಾಜಾಬಿ ಮಾಮಾನನ್ನು ಕರೆದು ಓಣಿಯುದ್ದ ಹಾಡಿಕೊಂಡು ಹೋಗಲು ಹೇಳಿದಳು, ನಮ್ಮ ಕಿವಿಯ ಅರಳೆ ತೆಗೆಸಿ. ನನ್ನ ಕೈ ಅಲ್ಲಾಡಲಿಲ್ಲ. ನನಗೆ ಪರೀಕ್ಷೆ ಪಾಸಾದ ಹುಡುಗಿಯಷ್ಟು ಖುಷಿಯಾಯಿತು.

ಶುಕ್ರವಾರ ಬೆಳಿಗ್ಗೆ ಕಾಶವ್ವನ ಕಲ್ಲು ಬಂತು. ಯಾವಾಗ ಬರುತ್ತದೆಂದು ನಮಗೆ ಹೇಳಿರಲಿಲ್ಲ. ಬೇರೆ ಆರು ಕಲ್ಲುಗಳ ನಡುವೆ ಎಲ್ಲೋ ಒಂದು ಅದು. ಕಿವಿಯಲ್ಲಿ ಅರಳೆ ಇದ್ದದ್ದರಿಂದ ಗಂಟೆಯೂ ಕೇಳುತ್ತಿರಲಿಲ್ಲ. ಒಂದಾದ ಮೇಲೊಂದು ಏಳು ಸಲ ಎಳೆದೆ. ಪ್ರತಿ ಸಲವೂ ಇದೇ ಇರಬಹುದೇ ಎಂದು ಅನಿಸುತ್ತಿತ್ತು, ಪ್ರತಿ ಸಲವೂ ಅಂಗೈ ಹೇಳಿದಷ್ಟನ್ನೇ ಎಳೆದೆ. ಅವಳು ನನ್ನ ಮನೆಯಿಂದ ಹೋಗಲಿ ಎಂದು ಮನಸ್ಸು ಬೇಡುತ್ತಿತ್ತು. ಅದಕ್ಕೂ ಕೈ ಕಿವಿಗೊಡಲಿಲ್ಲ.

ಬಾಗಿಲಲ್ಲಿ ನೆರಳು ಬಿತ್ತು. ಕಾಶವ್ವ ನಿಂತಿದ್ದಳು, ಗುಡ್ಡದಿಂದ ಓಡಿ ಬಂದು ಏದುಸಿರು ಬಿಡುತ್ತ. ಬಾಯಿ ಆಡಿಸುತ್ತಿದ್ದಳು, ನನಗೆ ಏನೂ ಕೇಳಲಿಲ್ಲ. ಅರಳೆ ತೆಗೆಯಬೇಕೆಂಬುದೂ ನೆನಪಾಗಲಿಲ್ಲ. ಅವಳು ಒಂದು ಕೈಯ ಐದೂ ಬೆರಳು ಎತ್ತಿದಳು. ಆಮೇಲೆ ಇನ್ನೊಂದು ಕೈಯ ಹೆಬ್ಬೆರಳು. ಆರು.

ಗಂಟೆ ಆರು ಎಂದರೂ ಅದು ನಮ್ಮ ಮಾತಷ್ಟೇ, ಬೆಂಕಿಯ ಮಾತು ಇನ್ನೂ ಬಾಕಿ. ಗಂಟೆಮನೆಯ ಅಂಗಳದ ಬೇವಿನ ಮರದ ಕೆಳಗೆ ಕಾಶವ್ವ ಇಟ್ಟಿಗೆ ಜೋಡಿಸಿ ಒಲೆ ಹೂಡಿದಳು. ಊರವರೆಲ್ಲ ಹತ್ತು ಮಾರು ದೂರ ನಿಂತರು, ಮಾಸ್ತರರು ಇದ್ದೊಂದು ಹುಬ್ಬಿಗೆ ಅಂಗೈ ಅಡ್ಡ ಹಿಡಿದು ಇಪ್ಪತ್ತು ಮಾರು ದೂರ. ತಿರಕಪ್ಪ ಮಾಮಾ ಮಾತ್ರ ಹೋಗಿ ಅವಳ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. "ಸಿಡದ್ರ ಮೊದಲ ನನಗ ಸಿಡೀಲಿ" ಎಂದ. ನಾನೂ ಹೋಗಿ ಇನ್ನೊಂದು ಪಕ್ಕ ಕೂತೆ. "ದೂರ ಸರೀರಿ ಇಬ್ಬರೂ, ಗಾಳಿ ಆಡೂದಿಲ್ಲ" ಎಂದು ಗದರಿದಳು. ನಾವು ಸರಿಯಲಿಲ್ಲ.

ಬೆಂಕಿ ಹತ್ತಿತು. ಕಲ್ಲು ಮೊದಲು ಮಂಜಿನಂತೆ ಬೆಳ್ಳಗಿದ್ದದ್ದು ಜೇನಿನ ಬಣ್ಣಕ್ಕೆ ತಿರುಗಿತು. ಟಿಕ್ ಎಂದು ಸಣ್ಣ ಸದ್ದು ಬಂತು. ಮಾಮಾ ಕಣ್ಣು ಮುಚ್ಚಿದ. ಅದು ಸೌದೆಯ ಸದ್ದು. ಕಾಶವ್ವ ಹೊಂಡದ ಬಿಸಿನೀರಿನಲ್ಲಿ ನಾದಿಟ್ಟ ಜೋಳದ ಹಿಟ್ಟು ತೆಗೆದುಕೊಂಡು ರೊಟ್ಟಿ ಬಡಿದಳು, ಎರಡೂ ಅಂಗೈಯಲ್ಲಿ ಎತ್ತಿ ಕಲ್ಲಿನ ಮೇಲೆ ಹಾಕಿದಳು. ನೀರು ಸವರಿ ತಿರುವಿದಳು. ರೊಟ್ಟಿ ಒಂದು ಅಂಚಿನಿಂದ ಉಬ್ಬುತ್ತ ಉಬ್ಬುತ್ತ ಪೂರಾ ಉಬ್ಬಿತು. ಕಲ್ಲು ಗಟ್ಟಿಯಾಗಿ ಕೂತಿತ್ತು. ಎರಡನೆಯ ರೊಟ್ಟಿ, ಮೂರನೆಯದು, ಕಲ್ಲು ಹಾಗೇ ಕೂತಿತ್ತು. ಆಗ ನಾನು ಅತ್ತೆ. ಮಾಮಾ ನನಗಿಂತ ಜೋರಾಗಿ ಅತ್ತ.

ಆಗಲೇ ಊರಿಗೆ ತನ್ನ ಹಸಿವು ನೆನಪಾದದ್ದು. ನಾಲ್ಕು ದಿನದಿಂದ ಬಿಸಿ ತುತ್ತು ಕಾಣದ ಜನ. ಕಲ್ಲು ತೆಗೆದುಕೊಂಡು ಮನೆಗೆ ಹೋಗೋಣವೆಂದರೆ ನಲವತ್ತೊಂದೂ ಗಂಟೆಮನೆಯಲ್ಲಿ ಒಂದೇ ರಾಶಿ. ತುಪ್ಪದ ಕಲೆ, ಮಸಿಯ ಗುರುತು ಎಲ್ಲ ತಿಕ್ಕಿ ತೊಳೆದು ಹೋಗಿತ್ತು. ಯಾರದು ಯಾವುದೆಂದು, ಖಾಜಾಬಿ ಪ್ರತಿ ಕಲ್ಲಿನ ಕಣದ ಸಾಲು ಬರೆದಿಟ್ಟ ಪುಸ್ತಕ ನೋಡಿ ಹಂಚಲು ಸಂಜೆಯೇ ಆಗಬೇಕು. ಅಲ್ಲಿಯವರೆಗೆ ಇಡೀ ಊರಿನಲ್ಲಿ ಉರಿಯುವ ಒಲೆ ಒಂದೇ. ಯಾರು ಮೊದಲು ತಟ್ಟೆ ತಂದರೋ ಗೊತ್ತಿಲ್ಲ, ನೋಡುನೋಡುತ್ತ ಬೇವಿನ ಮರದಿಂದ ಅಂಗಳದ ಬಾಗಿಲವರೆಗೆ ಜನ ನಿಂತುಬಿಟ್ಟರು. ಒಬ್ಬರು ಬದನೆಕಾಯಿ ತಂದರು, ಇನ್ನೊಬ್ಬರು ಶೇಂಗಾ ಚಟ್ನಿ. ಮಾಮಾ ತನ್ನ ಶಿಕ್ಷೆ ಅಲ್ಲೇ ಶುರು ಮಾಡಿದ. ಅವನು ಬಡಿದ ಮೊದಲ ರೊಟ್ಟಿ ಯಾವ ಊರಿನ ನಕಾಶೆಗೂ ಹೊಂದುವಂತಿರಲಿಲ್ಲ. ಬೋರ್ಡು ಇಲ್ಲ, ಬಣ್ಣ ಇಲ್ಲ, ಗೋಡೆಯೂ ಇಲ್ಲ, ಖಾನಾವಳಿ ಮಾತ್ರ ಶುರುವಾಗಿತ್ತು.

ನನಗೂ ಹಸಿವು ಪ್ರಾಣ ಹಿಂಡುತ್ತಿತ್ತು. ಒಲೆಯ ಪಕ್ಕದಲ್ಲೇ ಕೂತಿದ್ದೆನಲ್ಲ, ಬುಟ್ಟಿಯಲ್ಲಿದ್ದ ರೊಟ್ಟಿಗೆ ಕೈ ಹಾಕಿದೆ. ಹನ್ನೊಂದು ವರ್ಷದ ರೂಢಿ ಅದು. ಕಾಶವ್ವ ಹಿಟ್ಟಿನ ಕೈಯಿಂದಲೇ ನನ್ನ ಕೈಗೆ ಪಟ್ಟೆಂದು ಒಂದು ಹೊಡೆದಳು.

"ಪಾಳಿ ಹಚ್ಚಿ ನಿಂದ್ರು ಅಕ್ಕಾ. ಮುಂದ ನಿಂತವರು ಮುಖ ನೋಡಾಕತ್ತಾರ."

ಅವಳು ಆಗಲೇ ಮುಂದಿನ ತಟ್ಟೆಗೆ ರೊಟ್ಟಿ ಹಾಕುತ್ತಿದ್ದಳು. ಸೀರೆ ಕೊಡವಿಕೊಂಡು ಎದ್ದು ಹೋಗಿ ಸಾಲಿನ ಕೊನೆಯಲ್ಲಿ ನಿಂತೆ. ನನ್ನ ಮುಂದೆ ಮೂವತ್ತೆಂಟು ಜನ ಇದ್ದರು. ಅಷ್ಟು ಸಂತೋಷದಿಂದ ನಾನು ಯಾವತ್ತೂ ಹಸಿದು ನಿಂತಿರಲಿಲ್ಲ.